ಮೇಷ್ಟ್ರ ಕಾರ್ಡಿಗೆ ಮೂರು ದಿನಕ್ಕೊಮ್ಮೆ ಜ್ವರ

ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ ಎಂದು ದೆಮಿಸ್ಸೆ ಮೇಷ್ಟ್ರು ಘೋಷಿಸಿದ್ದು ಎರಡನೆಯ ಬಟ್ಟಲು ಕಾಫಿಯ ಹೊತ್ತಿಗೆ. ಘೋಷಿಸಿದ್ದು ಎಂದರೆ ಘೋಷಿಸಿದ್ದೇ. ಎದ್ದು ನಿಂತು, ಹೆಗಲ ಮೇಲಿನ ಬಿಳಿ ಶಾಲನ್ನು ಸರಿಮಾಡಿಕೊಂಡು, ಮೂವತ್ತೆರಡು ವರ್ಷ ದೆಬ್ರೆ ಬರ್ಹಾನಿನ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟ ಅದೇ ಗಂಟಲಿನಲ್ಲಿ. ಕೇಳಲು ಇದ್ದವರು ಹೆಂಡತಿ ಅಸ್ಕಲೆಚ್ ಮತ್ತು ಮಗಳು ಸೆನೈತ್, ಇಬ್ಬರೇ. ಮೇಷ್ಟ್ರಿಗೆ ಇಬ್ಬರು ಧಾರಾಳವಾಗಿ ಸಾಕು. ಅವರ ತರಗತಿಯಲ್ಲಿ ಎಷ್ಟೋ ದಿನ ಎಚ್ಚರವಿದ್ದವರೂ ಅಷ್ಟೇ ಜನ.

ಘೋಷಣೆಗೆ ಕಾರಣವಿತ್ತು. ಸೆನೈತಳನ್ನು ಬಿನಿಯಾಮ್ ಎಂಬ ಹುಡುಗನಿಗೆ ಕೇಳಲು ಹಿಂದಿನ ಭಾನುವಾರ ಹುಡುಗನ ಕಡೆಯ ಹಿರಿಯರು ಮೂವರು ಬಂದಿದ್ದರು. ಮೊದಲ ಸಲಕ್ಕೇ ಹೂಂ ಎನ್ನುವ ಮನೆ ಆ ಊರಿನಲ್ಲಿ ಒಂದೂ ಇಲ್ಲ. ಹಾಗೆ ಎಂದರೆ ಮಗಳನ್ನು ಸಾಗಹಾಕಲು ಕಾಯುತ್ತಿದ್ದರು ಎಂದಾಗುತ್ತದೆ. ಮೂವರಲ್ಲಿ ಹಿರಿಯರಾದ, ಊರೆಲ್ಲ ಮರ್ಯಾದೆಯಿಂದ ಗಾಶೆ ಎಂದು ಕರೆಯುವ ತೆಸೆಮಾ ಅದನ್ನೆಲ್ಲ ಬಲ್ಲವರು. ಊರುಗೋಲು ಊರಿ ಎದ್ದು, "ಮೂರು ವಾರ ಬಿಟ್ಟು ಬರ್ತೀವಿ. ಏಳು ಮನೆ ಎಣಿಸಿಟ್ಕೊಂಡಿರಿ, ನಾವೂ ಎಣಿಸ್ಕೊಂಡು ಬರ್ತೀವಿ" ಎಂದು ಹೇಳಿ ಹೋಗಿದ್ದರು.

ಏಳು ಮನೆ ಎಂದರೆ ಏಳು ತಲೆಮಾರು. ಹುಡುಗಿಯ ಅಪ್ಪ, ಅವನಪ್ಪ, ಅವನಪ್ಪನಪ್ಪ, ಹೀಗೆ ಏಳರವರೆಗೆ. ಹುಡುಗನ ಕಡೆಯಿಂದಲೂ ಅಷ್ಟೇ. ಎರಡು ಪಟ್ಟಿಗಳಲ್ಲಿ ಒಬ್ಬನೇ ಅಜ್ಜ ಸಿಕ್ಕಿಬಿದ್ದನೋ, ಹುಡುಗ ಹುಡುಗಿ ಅಣ್ಣತಂಗಿ, ಮದುವೆ ಇಲ್ಲ. ಹೆಸರು ಹೇಳಲು ಬರಲಿಲ್ಲವೋ, ಏನನ್ನೋ ಮುಚ್ಚಿಡುತ್ತಿದ್ದಾರೆ. ಆಗಲೂ ಮದುವೆ ಇಲ್ಲ. ಸೆನೈತಳಿಗೆ ಬಿನಿಯಾಮನನ್ನು ಬಿಟ್ಟರೆ ಬೇರೆ ಯಾರೂ ಬೇಡ ಎಂಬುದು ಮನೆಯ ಬೆಕ್ಕಿಗೂ ಗೊತ್ತಿತ್ತು.

ಮೇಷ್ಟ್ರ ಬಳಿ ಅದಕ್ಕೆ ಮದ್ದು ಸಿದ್ಧವಾಗಿತ್ತು. ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿಗಳು ಒಂದು ಪುಟ್ಟ ಕಂಪ್ಯೂಟರನ್ನು ಉಡುಗೊರೆ ಕೊಟ್ಟಿದ್ದರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಟಿವಿಗೆ ಸಿಕ್ಕಿಸಿದರೆ ಕೆಲಸ ಮಾಡುತ್ತದೆ. ಅದರ ಹೊಟ್ಟೆಯಲ್ಲಿ ಉಗುರಿನಷ್ಟು ಒಂದು ಮೆಮೊರಿ ಕಾರ್ಡು. ಲಿನಕ್ಸು, ಬುದ್ಧಿ, ನೆನಪು ಎಲ್ಲ ಆ ಉಗುರಿನಲ್ಲೇ. ಮೇಷ್ಟ್ರು ತಮ್ಮ ತೀರಿಹೋದ ಅಪ್ಪನ ಹಳೆಯ ಪುಸ್ತಕ ತೆಗೆದು, ಅದರಲ್ಲಿದ್ದ ಏಳು ಮನೆಯ ಹೆಸರುಗಳನ್ನು ಮೂರು ದಿನ ಕೂತು ಮಿಷನ್ನಿಗೆ ಉಣಿಸಿದರು. ಗುಂಡಿ ಒತ್ತಿದರೆ ಟಿವಿಯಲ್ಲಿ ಒಂದು ಮರ ಮೂಡಿ, ಕೊಂಬೆಗೊಬ್ಬ ಅಜ್ಜನಂತೆ ಬಂದು ಕೂರುತ್ತಿದ್ದರು.

"ಚೆನ್ನಾಗಿದೆ" ಎಂದಳು ಅಸ್ಕಲೆಚ್. "ಮಾವನವರ ಪುಸ್ತಕ ಎಲ್ಲಿ?"

"ನಿನ್ನ ಕಾಫಿ ಯಾವ ಒಲೆ ಮೇಲೆ ಕುದೀತಿದೆಯೋ ಅದರೊಳಗೆ."

ಅಸ್ಕಲೆಚ್ ಇದ್ದಿಲ ಒಲೆಗೆ ಬಗ್ಗಿ ನೋಡಿದಳು. ಚರ್ಮದ ರಟ್ಟಿನ ಒಂದು ಮೂಲೆ ಮಾತ್ರ ಉಳಿದಿತ್ತು.

"ಅವರ ಕೈಬರಹ ಕಣ್ರೀ ಅದು."

"ಅರ್ಧ ಇಲಿ ತಿಂದಿತ್ತು. ಕಾಗದ ಇರೋದು ಇಲಿಗಳಿಗೆ. ಮನುಷ್ಯರಿಗೆ ಲಿನಕ್ಸು."

"ನಕಲು ಇಟ್ಕೊಂಡಿದ್ದೀರಾ?"

"ಒಂದಲ್ಲ, ಎರಡು ಇಟ್ಟಿದ್ದೀನಿ."

"ಎಲ್ಲಿ?"

"ಎರಡೂ ಕಾರ್ಡಲ್ಲೇ."

ಅಸ್ಕಲೆಚ್ ಮೂರನೆಯ ಬಟ್ಟಲು ಬಗ್ಗಿಸಿದಳು. ಮೂವತ್ತೊಂದು ವರ್ಷ ಸಂಸಾರ ಮಾಡಿದವಳು. ಯಾವ ಮಾತಿಗೆ ಬಾಯಿ ತೆರೆಯಬೇಕು, ಯಾವುದಕ್ಕೆ ಕಾಫಿ ಬಗ್ಗಿಸಬೇಕು ಎಂದು ಅವಳಿಗೆ ಗೊತ್ತಿತ್ತು.

ಎರಡು ದಿನ ಮಿಷನ್ನು ಮಹಾರಾಜನಂತೆ ನಡೆಯಿತು. ಮೂರನೆಯ ದಿನ ಮೇಷ್ಟ್ರು ಎಂದಿನಂತೆ ಬೆಳಗಿನ ಚರ್ಚು ಮುಗಿಸಿ, ಕೋರ್ಟಿನ ಗೋಡೆಯ ಬಳಿ ನಿವೃತ್ತರ ಜೊತೆ ಲೋಕದ ತಪ್ಪುಗಳನ್ನೆಲ್ಲ ತಿದ್ದಿ, ಊಟದ ಹೊತ್ತು ಮೀರಿ ಮನೆಗೆ ಬಂದು ನೋಡಿದರೆ ಟಿವಿ ಕಪ್ಪಗಾಗಿತ್ತು. ಅದರ ಮೇಲೆ ಬಿಳಿ ಅಕ್ಷರದಲ್ಲಿ ಕಾರ್ಡು ಓದಲಾಗುತ್ತಿಲ್ಲ, ಕಾರ್ಡು ಓದಲಾಗುತ್ತಿಲ್ಲ ಎಂದು ನಲವತ್ತು ಸಾಲು. ಮಾಡಿದ ತಪ್ಪನ್ನು ನಲವತ್ತು ಸಲ ಬರೆಯುವ ಶಿಕ್ಷೆಯನ್ನು ಮೇಷ್ಟ್ರು ಎಷ್ಟೋ ಮಕ್ಕಳಿಗೆ ಕೊಟ್ಟಿದ್ದರು. ಹೇಳದೇ ಬರೆದ ಮೊದಲ ವಿದ್ಯಾರ್ಥಿ ಇದೇ.

ಮೇಷ್ಟ್ರು ಹೆದರಲಿಲ್ಲ. ಕಾರ್ಡು ಹೊರಗೆಳೆದು, ಕಪಾಟಿನಿಂದ ಅರಕೆ ಬಾಟಲಿ ತೆಗೆದರು. ಅರಕೆ ಎಂದರೆ ನಮ್ಮವರ ಭಟ್ಟಿ ಸಾರಾಯಿ. ಒಂದು ಗುಟುಕು ಕುಡಿದರೆ ಸತ್ತ ಅಜ್ಜ ಕಾಣಿಸುತ್ತಾನೆ ಎಂದು ಪ್ರತೀತಿ. ಹತ್ತಿಯನ್ನು ಅದರಲ್ಲಿ ಅದ್ದಿ ಕಾರ್ಡಿನ ಹಿತ್ತಾಳೆ ಹಲ್ಲುಗಳನ್ನು ಒರೆಸಿದರು.

"ಅಯ್ಯೋ, ಅದಕ್ಕೂ ಕುಡಿಸ್ತಿದ್ದೀರಾ?" ಎಂದಳು ಅಸ್ಕಲೆಚ್, ಹಿತ್ತಲಿನಿಂದ ಹುಳಿ ದೋಸೆಯಂಥ ಇಂಜೆರಾದ ಬುಟ್ಟಿ ಹೊತ್ತು ಬರುತ್ತಾ.

"ಧೂಳು ಕೂತಿದೆ. ವಿಜ್ಞಾನ ಇದು."

ಮತ್ತೆ ಸಿಕ್ಕಿಸಿದರು. ಮಿಷನ್ನು ಕಣ್ಣು ಬಿಟ್ಟಿತು. ಮರ ಮೂಡಿತು, ಅಜ್ಜಂದಿರು ಕೊಂಬೆಗಳಿಗೆ ಮರಳಿದರು. ಮೇಷ್ಟ್ರು ಬಾಟಲಿಯಲ್ಲಿ ಉಳಿದದ್ದರಿಂದ ತಮ್ಮನ್ನೂ ಸ್ವಲ್ಪ ಶುಚಿ ಮಾಡಿಕೊಂಡರು.

ಮತ್ತೆ ಮೂರು ದಿನ ಕಳೆದ ಮೇಲೆ ಅದೇ ಕಪ್ಪು, ಅದೇ ನಲವತ್ತು ಸಾಲು. ಈ ಸಲ ರಬ್ಬರಿನಿಂದ ಉಜ್ಜಿದರು. ನಡೆಯಿತು. ಇನ್ನೂ ಮೂರು ದಿನಕ್ಕೆ ಮತ್ತೆ ಅದೇ. ಅಂಗಳದಲ್ಲಿ ಒಣಗುತ್ತಿದ್ದ ಕೆಂಪು ಮೆಣಸಿನಕಾಯಿಯ ಮೊರದಲ್ಲಿ ಕಾರ್ಡನ್ನು ಬಿಸಿಲಿಗಿಟ್ಟರು. ಆಮೇಲೆ ಊದಿ ಸಿಕ್ಕಿಸುವಾಗ ಹನ್ನೊಂದು ಸಲ ಸೀನಿದರು. ಆದರೂ ನಡೆಯಿತು. ಮದ್ದು ಪ್ರತಿ ಸಲವೂ ಗೆದ್ದಿತು, ರೋಗ ಪ್ರತಿ ಸಲವೂ ಮರಳಿತು. ಮೇಷ್ಟ್ರು ಗೆದ್ದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿದರು.

"ಇದು ಮಲೇರಿಯಾ ಇದ್ದ ಹಾಗೆ" ಎಂದು ಸೆನೈತಳಿಗೆ ವಿವರಿಸಿದರು. "ಮೂರು ದಿನಕ್ಕೊಮ್ಮೆ ಚಳಿಜ್ವರ. ರೋಗಿ ಹಳಬ. ಹೊಸ ಕಾರ್ಡು ತರಿಸಿದರೆ ಮುಗೀತು."

"ಅಬ್ಬಾಯೆ, ಹೆಸರುಗಳನ್ನ ಒಂದು ಚೀಟೀಲಿ ಬರೆದಿಟ್ರೆ?" ಎಂದು ಸೆನೈತ್ ಅಪ್ಪನನ್ನು ಮೆಲ್ಲಗೆ ಕೇಳಿದಳು.

"ಚೀಟಿ? ಚೀಟಿ ಓದಿ ಮಗಳ ಮದುವೆ ಮಾಡಿದ ಅಂತ ಊರು ನಗಬೇಕಾ?"

ಆಡಿಸ್ ಅಬಾಬಾದಿಂದ ಹೊಸ ಕಾರ್ಡು ಬಂತು. ಹಳೆಯದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ದಾಟಿಸಿ, ಹಳೆಯದನ್ನು ಅಳಿಸಿ, ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಮೂರನೆಯ ದಿನ ಹೊಸ ಕಾರ್ಡಿಗೂ ಜ್ವರ ಬಂತು.

ಆಗ ಮೇಷ್ಟ್ರಿಗೆ ಹೊಳೆಯಿತು: ರೋಗ ಒಳಗಿನದಲ್ಲ, ಹೊರಗಿನ ಶತ್ರುವಿನ ಕೆಲಸ. ಮಿಷನ್ನು ತನಗಾದದ್ದನ್ನೆಲ್ಲ ಗಂಟೆ ನಿಮಿಷದ ಸಮೇತ ಒಂದು ಕಡೆ ಬರೆದಿಡುತ್ತದೆ. ಅದನ್ನು ತೆರೆದು ನೋಡಿದರು. ಮೊದಲ ಜ್ವರ ಎಂಟು ಗಂಟೆ ಹತ್ತು ನಿಮಿಷಕ್ಕೆ. ಎರಡನೆಯದು ಎಂಟೂ ಇಪ್ಪತ್ತಕ್ಕೆ. ಮೂರನೆಯದು ಎಂಟೂ ಐದಕ್ಕೆ. ಕಳ್ಳ ಬರುವ ಹೊತ್ತು ಸಿಕ್ಕಿಬಿಟ್ಟಿತ್ತು.

ಗಂಟೆಯ ವಿಷಯದಲ್ಲಿ ಮೇಷ್ಟ್ರು ಮೊದಲ ದಿನವೇ ಮಿಷನ್ನಿಗೆ ಶಿಸ್ತು ಕಲಿಸಿದ್ದರು. ಸೂರ್ಯ ಹುಟ್ಟಿ ಒಂದು ತಾಸಾದರೆ ಒಂದು ಗಂಟೆ, ನೆತ್ತಿಗೆ ಬಂದರೆ ಆರು ಗಂಟೆ. ನಮ್ಮ ಕಡೆ ಕೋಳಿಗೂ ಈ ಲೆಕ್ಕ ಗೊತ್ತು. ಎಲ್ಲರೂ ಗೊರಕೆ ಹೊಡೆಯುವ ನಡುರಾತ್ರಿಯಲ್ಲಿ ಹೊಸ ದಿನ ಶುರು ಮಾಡುವ ಫರಂಗಿಯವರ ಗಡಿಯಾರ ಮಿಷನ್ನಿನಲ್ಲಿತ್ತು. ಅದನ್ನು ಆರು ಗಂಟೆ ತಿರುಗಿಸಿ ನಮ್ಮ ಹೊತ್ತಿಗೆ ಇಟ್ಟಿದ್ದರು. ಹಾಗಾಗಿ ಎಂಟು ಎಂದರೆ ಎಂಟೇ: ಮಧ್ಯಾಹ್ನ ಊಟ ಮುಗಿದು, ಹೊಟ್ಟೆಯ ಮೇಲೆ ಕೈಯಾಡಿಸುವ ಹೊತ್ತು. ಆ ಹೊತ್ತಿಗೆ ಸದ್ದು ಮಾಡುವವನು ಬೀದಿಯಲ್ಲಿ ಒಬ್ಬನೇ. ಪಕ್ಕದ ಮನೆಯ ಶಿಫೆರಾ, ವೆಲ್ಡಿಂಗ್ ಕೆಲಸದವನು. ಮೇಷ್ಟ್ರ ಹಳೆಯ ವಿದ್ಯಾರ್ಥಿ; ವಿದ್ಯುತ್ತಿನ ಪಾಠದಲ್ಲಿ ಎರಡು ಸಲ ಫೇಲಾದವನು.

ಮೇಷ್ಟ್ರು ತಗಡಿನ ಬೇಲಿಯ ಬಳಿ ಹೋಗಿ ಕೂಗಿದರು. "ಶಿಫೆರಾ, ಮಧ್ಯಾಹ್ನ ಎಂಟು ಗಂಟೆಗೆ ಏನ್ ಮಾಡ್ತಿರ್ತೀಯ?"

"ಗೇಟು ಬೆಸೀತಿರ್ತೀನಿ ಮೇಷ್ಟ್ರೇ. ಎಂಟಕ್ಕೂ ಬೆಸೀತೀನಿ, ಒಂಬತ್ತಕ್ಕೂ ಬೆಸೀತೀನಿ."

"ಒಂಬತ್ತಕ್ಕೆ ಏನಾದ್ರೂ ಮಾಡ್ಕೋ. ಎಂಟಕ್ಕೆ ಬೇಡ. ನಿನ್ನ ಕಿಡಿ ಹಾರಿದಾಗಲೆಲ್ಲ ನನ್ನ ಅಜ್ಜಂದಿರು ಸಾಯ್ತಿದ್ದಾರೆ."

ಶಿಫೆರಾ ಕಪ್ಪು ಕನ್ನಡಕವನ್ನು ಹಣೆಗೇರಿಸಿದ. "ಅವರು ಆಗಲೇ ತೀರ್ಕೊಂಡಿಲ್ವಾ ಮೇಷ್ಟ್ರೇ?"

"ಟಿವಿಯಲ್ಲಿ. ನಿನ್ನಿಂದ ಕರೆಂಟು ಕೆಡ್ತಿದೆ, ಅದರಿಂದ ಕಾರ್ಡು ಕೆಡ್ತಿದೆ. ಪಾಠ ಕೇಳಿದ್ದಿದ್ರೆ ನಿಂಗೆ ಅರ್ಥ ಆಗ್ತಿತ್ತು."

"ನನ್ನ ಲೈನೇ ಬೇರೆ ಕಂಬದಿಂದ ಬಂದಿದೆ..."

"ವಾದ ಬೇಡ. ಭಾನುವಾರದವರೆಗೆ ಎಂಟು ಗಂಟೆಗೆ ಸುಮ್ನಿರು. ನಮ್ಮ ಸೆನೈತಳ ಬಾಳಿನ ಪ್ರಶ್ನೆ."

ಸೆನೈತಳ ಹೆಸರು ಕೇಳಿ ಶಿಫೆರಾ ಒಪ್ಪಿದ. ಆ ವಾರವೆಲ್ಲ ಎಂಟರಿಂದ ಒಂಬತ್ತರವರೆಗೆ ಕೈಕಟ್ಟಿ ಕೂತು ಜೋಳ ತಿಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಆ ಎಮ್ಮೆ ಇಷ್ಟು ತಾಳ್ಮೆಯಿಂದ ಬರೆ ಹಾಕಿಸಿಕೊಂಡದ್ದು ನಾನು ಬೇರೆಲ್ಲೂ ಕೇಳಿಲ್ಲ.

ಮೇಷ್ಟ್ರೂ ಎಂಟು ಗಂಟೆಗೆ ಟಿವಿಯ ಮುಂದೆ ಕಾವಲು ಕೂತರು. ಒಂದು ದಿನವೂ ಏನೂ ಆಗಲಿಲ್ಲ. ಮರ ಅಲ್ಲಾಡಲಿಲ್ಲ. ಆದರೂ ಆ ವಾರದ ಜ್ವರ ತಪ್ಪದೆ ಬಂದು, ಎಂಟೂ ಹದಿನೈದು ಎಂದು ಬರೆಸಿ, ತಾನಾಗಿಯೇ ಇಳಿದು ಹೋಗಿತ್ತು. ತಾವು ರೆಪ್ಪೆ ಬಡಿಯದೆ ನೋಡುತ್ತಿದ್ದ ಹೊತ್ತಿನಲ್ಲೇ ಅದು ಹೇಗೆ ಬಂತು ಎಂದು ಮೇಷ್ಟ್ರು ಒಂದು ಗಳಿಗೆ ಯೋಚಿಸಿದರು. ಆಮೇಲೆ, ಪೊಲೀಸರ ಮುಂದೆ ಕಳ್ಳ ಯಾವತ್ತೂ ಕಾಣಿಸಿಕೊಳ್ಳುವುದಿಲ್ಲ ಎಂದು ಸಮಾಧಾನ ಮಾಡಿಕೊಂಡರು.

ಒಂದು ಬೆಳಗ್ಗೆ ನೆಗಡಿಯಾಗಿ ಅವರು ಚರ್ಚಿಗೆ ತಡವಾಗಿ ಹೊರಟರು. ಹೊರಡುವಾಗ ಟಿವಿಯ ಮೂಲೆಯಲ್ಲಿ ಒಂದು ಪುಟ್ಟ ಹಳದಿ ಮಿಂಚಿನ ಗುರುತು ಕಾಣಿಸಿತು. ಹಿಂದೆಂದೂ ನೋಡಿರಲಿಲ್ಲ.

"ಅಸ್ಕಲೆಚ್, ಬಾ ಇಲ್ಲಿ. ಮಿಷನ್ನಿಗೆ ಹುರುಪು ಬಂದಿದೆ ನೋಡು. ಮಿಂಚು ಹೊಡೀತಿದೆ."

"ಕೈ ಹಿಟ್ಟಾಗಿದೆ, ನೀವೇ ನೋಡಿ" ಎಂದು ಹಿತ್ತಲ ಅಡುಗೆಮನೆಯಿಂದ ಉತ್ತರ ಬಂತು. ಮೇಷ್ಟ್ರು ಮಿಂಚಿಗೆ ಮೆಚ್ಚುಗೆಯಿಂದ ತಲೆದೂಗಿ ಹೊರಟುಹೋದರು.

ಅಂತೂ ಆ ಭಾನುವಾರ ಬಂತು. ಶನಿವಾರ ದಿನವಿಡೀ ಕರೆಂಟಿರಲಿಲ್ಲ. ನೆನೆಹಾಕಿದ ಇಂಜೆರಾ ಹಿಟ್ಟು ಹುಳಿಯಾಗಿ ಉಕ್ಕಿ, ಪಾತ್ರೆಯ ಮುಚ್ಚಳವನ್ನೇ ಎತ್ತುತ್ತಿತ್ತು. ಬಂದವರಿಗೆ ಬಡಿಸಬೇಕೆಂದರೆ ಭಾನುವಾರ ಬೆಳಗ್ಗೆಯೇ ಹುಯ್ಯಬೇಕು. ಅಸ್ಕಲೆಚ್ ಕೋಳಿಸಾರಿಗೆ ಈರುಳ್ಳಿ ಹುರಿದಿಟ್ಟು, ಹಿತ್ತಲಿಗೆ ಹೋಗಿ ಗಾಡಿಯ ಚಕ್ರದಷ್ಟಗಲದ ಕರೆಂಟ್ ಕಾವಲಿಯ ಮುಂದೆ ಕೂತಳು.

ಗಾಶೆ ತೆಸೆಮಾ ಮತ್ತು ಇನ್ನಿಬ್ಬರು ಹಿರಿಯರು ಚರ್ಚು ಮುಗಿಸಿ ನಮ್ಮ ಲೆಕ್ಕದ ಬೆಳಗ್ಗೆ ಸರಿಯಾಗಿ ಮೂರು ಗಂಟೆಗೆ ಬಂದರು. ನೆಲಕ್ಕೆ ಹಸಿ ಹುಲ್ಲು ಹಾಸಿತ್ತು. ಸೆನೈತ್ ಕಾಫಿ ತಂದಿಟ್ಟಳು. ಮಾತು ಮುಗಿಯುವ ತನಕ ಬಟ್ಟಲು ಮುಟ್ಟುವ ಪದ್ಧತಿಯಿಲ್ಲ. ಮೂರು ಬಟ್ಟಲುಗಳೂ ಹೊಗೆಯಾಡುತ್ತ ಕಾದವು. ಸೆನೈತ್ ಬಾಗಿಲ ಸಂದಿಯಲ್ಲಿ ನಿಂತು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

"ಹೇಳಿ ಮೇಷ್ಟ್ರೇ, ಏಳು ಮನೆ" ಎಂದರು ತೆಸೆಮಾ.

"ನಾನು ಯಾಕೆ ಹೇಳ್ಲಿ ಗಾಶೆ? ನೋಡಿ." ಮೇಷ್ಟ್ರು ಗುಂಡಿ ಒತ್ತಿದರು.

ಮರ ಮೂಡಿತು. ಮೊದಲ ಕೊಂಬೆಗೆ ದೆಮಿಸ್ಸೆ ಬಂದರು. ಎರಡನೆಯದಕ್ಕೆ ಅವರ ಅಪ್ಪ ಜೆವ್ದೆ. ಮೂರನೆಯದಕ್ಕೆ ಅಜ್ಜ ವೆಂದಿರಾದ್. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. ಮೂಲೆಯಲ್ಲಿ ಹಳದಿ ಮಿಂಚು ಕಾಣಿಸಿತು.

"ಅದೇನು ಮಿಂಚು?" ಎಂದರು ತೆಸೆಮಾ.

"ಮಿಷನ್ನು ಪೂರ್ತಿ ಶಕ್ತಿಯಲ್ಲಿದೆ ಅಂತ ಗುರುತು."

ಮಾತು ಮುಗಿಯುವ ಮೊದಲೇ ಗೋಡೆಯ ದೀಪ ಒಂದು ಸಲ ಮಂಕಾಯಿತು, ಟಿವಿ ಕಪ್ಪಾಯಿತು. ಕಾರ್ಡು ಓದಲಾಗುತ್ತಿಲ್ಲ, ನಲವತ್ತು ಸಾಲು.

ಮೇಷ್ಟ್ರು ನಕ್ಕರು. ಇದು ಏನೂ ಅಲ್ಲ ಎಂದರು. ಅರಕೆ ಬಾಟಲಿ ಬಂತು, ಹತ್ತಿ ಬಂತು, ರಬ್ಬರು ಬಂತು. ಒರೆಸಿದರು, ಉಜ್ಜಿದರು, ಊದಿದರು, ಸೀನಿದರು. ಒಂದು ಸಲ ಸಿಕ್ಕಿಸಿದರೆ ಕಪ್ಪು, ಇನ್ನೊಂದು ಸಲ ಸಿಕ್ಕಿಸಿದರೆ ಮಿಂಚು ಮತ್ತು ಕಪ್ಪು. ಎರಡು ವಾರ ತಪ್ಪದೆ ಗೆದ್ದ ಮದ್ದುಗಳಲ್ಲಿ ಒಂದೂ ನಾಟಲಿಲ್ಲ. ಹಿರಿಯರಲ್ಲಿ ಒಬ್ಬರು, ಭಾನುವಾರ ಬೆಳಗ್ಗೆಯೇ ಅರಕೆಯ ವಾಸನೆ ಬಂದದ್ದಕ್ಕೆ, ಮೂಗನ್ನು ಮೆಲ್ಲಗೆ ಶಾಲಿನಲ್ಲಿ ಮುಚ್ಚಿಕೊಂಡರು.

"ಮಿಷನ್ನು ಹಾಳಾಗಿ ಹೋಗ್ಲಿ ಮೇಷ್ಟ್ರೇ" ಎಂದರು ತೆಸೆಮಾ. "ಬಾಯಲ್ಲೇ ಹೇಳಿ. ನಾಲ್ಕನೇ ಮನೆ ಯಾರು?"

ಮೇಷ್ಟ್ರು ಬಾಯಿ ತೆರೆದರು. ಮೂರು ದಿನ ಕೂತು ತಾವೇ ಬೆರಳಿನಿಂದ ಕುಟ್ಟಿದ್ದ ಹೆಸರು. ಹ ಎಂದು ಶುರುವಾಗುತ್ತದೋ, ಗ ಎಂದೋ. ಇನ್ನು ಮೇಲೆ ನೆನಪಿಟ್ಟುಕೊಳ್ಳಬೇಕಾಗಿಲ್ಲ ಎಂದು ಘೋಷಿಸಿದ್ದನ್ನು ಇಡೀ ಮನೆಯಲ್ಲಿ ಅವರ ತಲೆಯೊಂದೇ ಚಾಚೂ ತಪ್ಪದೆ ಪಾಲಿಸಿತ್ತು. ಬಾಗಿಲ ಸಂದಿಯಲ್ಲಿ ಮಗಳ ಕಣ್ಣು ತುಂಬುತ್ತಿರುವುದು ಕಾಣಿಸಿತು. ಮೇಷ್ಟ್ರಿಗೆ ಆ ಗಳಿಗೆಯಲ್ಲಿ ನಿಜಕ್ಕೂ ಭಯವಾಯಿತು. ತಮ್ಮ ಬಗ್ಗೆ ಅಲ್ಲ, ಅವಳ ಬಗ್ಗೆ.

"ಶಿಫೆರಾ" ಎಂದು ಕಿರುಚುತ್ತ ಅವರು ಅಂಗಳಕ್ಕೆ ಓಡಿದರು. "ನಿಲ್ಲಿಸೋ, ಪಾಪಿ, ನಿಲ್ಲಿಸು."

ಬೇಲಿಯ ಆಚೆ ಶಿಫೆರಾ ಇಸ್ತ್ರಿ ಮಾಡಿದ ಬಿಳಿ ಶಾಲು ಹೊದ್ದು, ಸ್ಟೂಲಿನ ಮೇಲೆ ಕೂತಿದ್ದ. "ಭಾನುವಾರ ಯಾರಾದ್ರೂ ಬೆಸೀತಾರಾ ಮೇಷ್ಟ್ರೇ? ನೀವು ಕರೀತೀರೇನೋ ಅಂತ ಕಾಯ್ತಾ ಕೂತಿದ್ದೆ."

ಬಂದ. ಹಿರಿಯರಿಗೆ ಬಗ್ಗಿ ನಮಸ್ಕರಿಸಿದ. ಮಿಷನ್ನು ಬರೆದಿಟ್ಟದ್ದನ್ನು ತೋರಿಸಲು ಹೇಳಿದ. ಪುಣ್ಯಕ್ಕೆ ಅಷ್ಟು ಹೊತ್ತಿಗೆ ಅದು ಒಂದು ಗಳಿಗೆ ಕಣ್ಣುಬಿಟ್ಟಿತ್ತು. ಕೊನೆಯ ಸಾಲಿನಲ್ಲಿ ಒಂಬತ್ತೂ ಇಪ್ಪತ್ತು ಎಂದಿತ್ತು.

"ಮೇಷ್ಟ್ರೇ, ಈಗ ಗಂಟೆ ಎಷ್ಟು?"

"ಮೂರೂ ಇಪ್ಪತ್ತೈದು."

"ಇದು ಈಗ ಐದು ನಿಮಿಷದ ಹಿಂದೆ ಆಗಿದ್ದು. ಒಂಬತ್ತೂ ಇಪ್ಪತ್ತು ಅಂತಿದೆ."

"ಅದು ಹೇಗೆ? ನಾನೇ ತಿರುಗಿಸಿಟ್ಟಿದ್ದೆ."

"ನೀವು ತಿರುಗಿಸ್ತೀರಿ. ಅದು ಇಂಟರ್ನೆಟ್ಟು ಸಿಕ್ಕ ತಕ್ಷಣ ತಾನೇ ವಾಪಸ್ ತಿರುಗಿಸ್ಕೊಳ್ಳತ್ತೆ. ಇದು ಹೇಳ್ತಿರೋದು ಫರಂಗಿ ಗಂಟೆ. ಅದರ ಎಂಟು ಅಂದ್ರೆ ನಮಗೆ ಬೆಳಗ್ಗೆ ಎರಡು." ಶಿಫೆರಾ ಮಂಕಾದ ದೀಪದ ಕಡೆ ನೋಡಿದ. "ಮಿಂಚಿನ ಗುರುತು ಬಂತಾ?"

"ಬಂತು. ಪೂರ್ತಿ ಶಕ್ತಿ..."

"ಹೊಟ್ಟೆಗಿಲ್ಲದೆ ಸಾಯ್ತಿದ್ದೀನಿ ಅಂತ ಅದರ ಗುರುತು ಮೇಷ್ಟ್ರೇ. ಕರೆಂಟು ಸಾಲದೆ ಬಂದ್ರೆ ಕಾರ್ಡು ಓದೋಕಾಗಲ್ಲ. ಅದಕ್ಕೆ ಹಾಕಿರೋದು ಹಳೇ ಮೊಬೈಲಿನ ಚಾರ್ಜರು. ಅದರ ಮೇಲೆ ಯಾವುದೋ ದೊಡ್ಡ ಸಾಮಾನು ಇದೇ ಲೈನಿನಿಂದ ಎಳೀತಿದೆ. ಒಂದು ಕಡೆ ಜಾಸ್ತಿ ಎಳೆದ್ರೆ ಇನ್ನೊಂದು ಕಡೆ ಇಳಿಯತ್ತೆ, ನೀವೇ ಹೇಳಿಕೊಟ್ಟಿದ್ದು. ನನಗೆ ಆಗ ಅರ್ಥ ಆಗಿರಲಿಲ್ಲ." ಸ್ವಲ್ಪ ತಡೆದು ಕೇಳಿದ: "ಮೂರು ದಿನಕ್ಕೊಮ್ಮೆ ಬೆಳಗ್ಗೆ ಎರಡು ಗಂಟೆಗೆ, ನೀವು ಚರ್ಚಿಗೆ ಹೋದ ಮೇಲೆ, ಈ ಮನೇಲಿ ಏನು ನಡೆಯತ್ತೆ?"

ಉತ್ತರವನ್ನು ಯಾರೂ ಹೇಳಬೇಕಾಗಿರಲಿಲ್ಲ. ಹಿತ್ತಲಿನಿಂದ ಬಿಸಿ ಇಂಜೆರಾದ ಹುಳಿ ಪರಿಮಳ ಬರುತ್ತಿತ್ತು.

ಮೇಷ್ಟ್ರು ಕಾವಲಿ ಆರಿಸಲು ಓಡಿದರು. ಅಡುಗೆಮನೆಯ ಬಾಗಿಲಲ್ಲಿ ಹಾಗೇ ನಿಂತುಬಿಟ್ಟರು. ಅಸ್ಕಲೆಚ್ ಹಿಟ್ಟನ್ನು ಅಂಚಿನಿಂದ ನಡುವಿಗೆ ಸುರುಳಿಯಾಗಿ ಹುಯ್ದು, ಮುಚ್ಚಳ ಹಾಕಿ, ತನ್ನಷ್ಟಕ್ಕೆ ತಾನು ಹೇಳಿಕೊಳ್ಳುತ್ತಿದ್ದಳು: "ವೆಂದಿರಾದರ ಅಪ್ಪ ಹಬ್ತೆ. ಕುಂಟುಗಾಲು. ಬಾರ್ಲಿ ಹೊಲ, ಎರಡು ಹೇಸರಗತ್ತೆ. ನ್ಯಾಯ ಹೇಳೋಕೆ ಮೂರು ಊರಿಂದ ಕರೀತಿದ್ರು." ಮುಚ್ಚಳ ತೆಗೆದಳು. ಇಂಜೆರಾ ಕಣ್ಣುಕಣ್ಣಾಗಿ ಬೆಂದಿತ್ತು.

"ನಾಲ್ಕನೇ ಮನೆ" ಎಂದರು ಮೇಷ್ಟ್ರು. "ಹಬ್ತೆ. ನಿಂಗೆ ಹೇಗೆ ಗೊತ್ತು?"

"ಅತ್ತೆ ಹೇಳಿಕೊಟ್ಟಿದ್ದು. ಮದುವೆಯಾಗಿ ಬಂದಾಗ ಇಲ್ಲಿ ಗಡಿಯಾರ ಎಲ್ಲಿತ್ತು? ಒಂದು ಹುಯ್ದು ಒಬ್ಬರ ಹೆಸರು, ಊರು, ಕಸುಬು ಹೇಳಿ ಮುಗಿಸೋ ಹೊತ್ತಿಗೆ ಹದವಾಗಿ ಬೆಂದಿರತ್ತೆ. ನಿಮ್ಮ ಕಡೆ ಏಳು, ನಮ್ಮ ಕಡೆ ಏಳು. ಹದಿನಾಲ್ಕು ಇಂಜೆರಾ. ಯಾಕೆ, ನಿಮಗೆ ಗೊತ್ತಿಲ್ವಾ?"

"ಕಾವಲಿ ಆರಿಸು. ಬೇಗ. ಮಿಷನ್ನು..."

"ಇನ್ನೂ ಹತ್ತು ಬಾಕಿ ಇದೆ. ಬಂದವರಿಗೆ ಏನು ಮಿಷನ್ನು ಬಡಿಸ್ತೀರಾ? ಅದು ಕಾಯ್ಲಿ."

ಆ ಮನೆಯಲ್ಲಿ ಕಾವಲಿಯನ್ನು ಆರಿಸುವ ಅಧಿಕಾರ ಯಾರಿಗಿದೆ ಎಂಬುದು ಹಿರಿಯರಿಗೆ ಅಲ್ಲಿಂದಲೇ ತಿಳಿಯಿತು. ಗಾಶೆ ತೆಸೆಮಾ ಊರುಗೋಲು ಊರಿಕೊಂಡು ತಾವೇ ಹಿತ್ತಲಿಗೆ ಬಂದರು. ಹಿಂದೆ ಇನ್ನಿಬ್ಬರು, ಅವರ ಹಿಂದೆ ಶಿಫೆರಾ, ಎಲ್ಲರ ಹಿಂದೆ ಸೆನೈತ್. ಐದು ಜನ ಆವಿಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಹೇಳಮ್ಮ" ಎಂದರು ತೆಸೆಮಾ. "ಐದನೆಯದು."

ಅಸ್ಕಲೆಚ್ ಹಿಟ್ಟು ಹುಯ್ದಳು. "ಹಬ್ತೆಯವರ ಅಪ್ಪ ದೆಸ್ತಾ."

ಹಿರಿಯರ ಮುಖ ಗಂಟಿಕ್ಕಿತು. "ನಮ್ಮ ಹುಡುಗನ ಐದನೇ ಮನೇನೂ ದೆಸ್ತಾನೇ" ಎಂದರು ತೆಸೆಮಾ ನಿಧಾನವಾಗಿ.

ಸೆನೈತ್ ಗೋಡೆ ಹಿಡಿದುಕೊಂಡಳು. ಬರೀ ಹೆಸರು ಬರೆದಿದ್ದ ಮೇಷ್ಟ್ರ ಮರ ಈ ಹೊತ್ತಿಗೆ ಸರಿಯಾಗಿ ನಡೆದಿದ್ದರೂ, ದೆಸ್ತಾ ಎಂದು ತೋರಿಸಿ ಸುಮ್ಮನೆ ನಿಲ್ಲುತ್ತಿತ್ತು.

ಅಸ್ಕಲೆಚ್ ಮಾತ್ರ ಮುಚ್ಚಳ ಹಾಕಿ ಮುಂದುವರಿಸಿದಳು. "ನಿಮ್ಮ ದೆಸ್ತಾ ಎಲ್ಲಿಯವರು ಗಾಶೆ?"

"ಮೆಂಜ್ ಕಡೆಯವರು. ಕಂಬಳಿ ನೇಯ್ತಿದ್ರು. ಅವರಪ್ಪ ವಾಸೆ."

"ನಮ್ಮವರು ಆಂಕೊಬೆರ್ ಕಡೆ. ಜೇನು ಸಾಕ್ತಿದ್ರು. ಎಡಗಣ್ಣಿಗೆ ಜೇನು ಕಚ್ಚಿ ಆ ಕಣ್ಣು ಹೋಗಿತ್ತು. ಹೇಸರಗತ್ತೆ ಒದ್ದ ಮೇಲೆ ಹುಟ್ಟಿದೂರು ಬಿಟ್ಟು ಆಚೆ ಕಾಲಿಡಲಿಲ್ಲ. ಐದು ಹೆಣ್ಣು, ಕೊನೇಗೆ ಒಂದು ಗಂಡು, ಹಬ್ತೆ. ದೆಸ್ತಾ ಅವರಪ್ಪ ಬೆಯೆನೆ, ಆರನೇ ಮನೆ. ಬೆಯೆನೆ ಅವರಪ್ಪ ಕಿದಾನೆ, ಏಳನೇ ಮನೆ." ಮುಚ್ಚಳ ತೆಗೆದಳು, ಇಂಜೆರಾದ ಅಂಚು ಕೆಂಪಗೆ ಗರಿಗರಿಯಾಗಿತ್ತು. "ದೆಸ್ತಾ ಅಜ್ಜನ ಕತೆ ಸ್ವಲ್ಪ ಉದ್ದ. ಅದಕ್ಕೇ ಇದೊಂದು ಯಾವಾಗಲೂ ಗರಿಯಾಗತ್ತೆ. ಇವರು ಬುಟ್ಟೀಲಿ ಹುಡುಕಿ ಹುಡುಕಿ ಇದನ್ನೇ ತಿಂತಾರೆ, ಕೇಳಿ ಬೇಕಾದ್ರೆ."

ತೆಸೆಮಾ ಬೆರಳು ಮಡಚಿ ಎರಡೂ ಕಡೆಯ ಹೆಸರು ಎಣಿಸಿದರು. ಆಮೇಲೆ ಅವರ ಬೊಚ್ಚು ಬಾಯಿ ಅಗಲವಾಯಿತು. "ಬೇರೆ ದೆಸ್ತಾ" ಎಂದರು. "ಎರಡು ಕಣ್ಣಿರೋ ದೆಸ್ತಾ ನಮ್ಮವನು. ಎಲ್ಲೂ ಕೂಡಲ್ಲ. ಕಾಫಿ ಆರಿರತ್ತೆ, ಇನ್ನೊಂದು ಸಲ ಕಾಯಿಸಮ್ಮ ಸೆನೈತ್. ಆ ಗರಿಗರಿ ಅಜ್ಜನ್ನ ನನ್ನ ತಟ್ಟೆಗೆ ಹಾಕಿ."

ಸೆನೈತ್ ಅಳುತ್ತಲೇ ನಗುತ್ತ ಒಳಗೆ ಓಡಿದಳು. ಅವಳ ತಾಯಿಯ ಕಡೆಯ ಏಳು ಮನೆಯನ್ನೂ ಕೇಳಿ ಮುಗಿಸುವ ಹೊತ್ತಿಗೆ ಇಂಜೆರಾ ಹದಿನಾಲ್ಕಾಗಿತ್ತು, ಮದುವೆಯ ತಿಂಗಳು ಗೊತ್ತಾಗಿತ್ತು. ಕಾವಲಿ ಆರಿದ ಕೂಡಲೇ ನಡುಮನೆಯಲ್ಲಿ ಟಿವಿ ತಾನಾಗಿ ಬೆಳಗಿ, ಏಳು ಅಜ್ಜಂದಿರೂ ಕೊಂಬೆಗಳ ಮೇಲೆ ಬಂದು ಕೂತರು. ಅವರನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲ.

ಹೊರಡುವಾಗ ಗಾಶೆ ತೆಸೆಮಾ ಬಾಗಿಲಲ್ಲಿ ತಿರುಗಿ ನಿಂತರು. "ಮದುವೆ ದಿನ ಚಪ್ಪರದ ಕೆಳಗೆ ಹುಡುಗಿಯ ಅಪ್ಪ ಎದ್ದು ನಿಂತು ಏಳು ಮನೆ ಹೇಳಬೇಕು. ಬಾಯಲ್ಲಿ. ಗೊತ್ತಲ್ಲ ಮೇಷ್ಟ್ರೇ?"

ಅವರು ಹೋದ ಮೇಲೆ ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. "ಇಷ್ಟೆಲ್ಲ ಗೊತ್ತಿದ್ದೂ ಒಂದು ಮಾತು ಹೇಳಲಿಲ್ಲವಲ್ಲ ನೀನು."

"ನೀವು ಕೇಳಿದ್ರಾ? ಕಾರ್ಡನ್ನ ಕೇಳಿದ್ರಿ, ರಬ್ಬರನ್ನ ಕೇಳಿದ್ರಿ, ಪಾಪ ಆ ಶಿಫೆರಾನ್ನ ಬೇಲಿ ಮೇಲಿಂದ ಕೇಳಿದ್ರಿ. ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರು ಅಂತಾರಲ್ಲ, ಹಾಗೆ. ನಿಮಗೂ ಬರತ್ತೆ ಅಂದ್ಕೊಂಡಿದ್ದೆ ನಾನು. ನಿಮ್ಮ ಅಜ್ಜಂದಿರು ತಾನೆ ಅವರು."

ಮರುದಿನ ಶಿಫೆರಾ ಒಂದು ಒಳ್ಳೆಯ ಚಾರ್ಜರು ತಂದು, ಮಿಷನ್ನಿಗೆ ಬೇರೆ ಲೈನು ಎಳೆದುಕೊಟ್ಟ. ಅಂದಿನಿಂದ ಕಾರ್ಡಿಗೆ ಒಂದು ದಿನವೂ ಜ್ವರ ಬಂದಿಲ್ಲ. ಮೇಷ್ಟ್ರು ಮಾತ್ರ ಈಗ ಹಿಟ್ಟು ಹುಯ್ಯುವ ದಿನ ಚರ್ಚಿಗೆ ಬೇಗ ಹೋಗಿ ಬೇಗ ಬರುತ್ತಾರೆ. ಬಂದು, ಅಡುಗೆಮನೆಯಲ್ಲಿ ಮೂರುಕಾಲಿನ ಮಣೆಯ ಮೇಲೆ ಕೈಕಟ್ಟಿ ಕೂರುತ್ತಾರೆ. ಅಸ್ಕಲೆಚ್ ಹುಯ್ಯುತ್ತಾಳೆ, ಮುಚ್ಚಳ ಹಾಕುತ್ತಾಳೆ, ಮೇಷ್ಟ್ರು ಹೇಳಬೇಕು.

ಮೊದಲ ಪಾಠದ ದಿನ ದೆಮಿಸ್ಸೆ ಎಂದು ಗಟ್ಟಿಯಾಗಿ ಶುರು ಮಾಡಿದರು. ಜೆವ್ದೆ ಎಂದರು. ವೆಂದಿರಾದ್ ಎಂದರು. ನಾಲ್ಕನೆಯ ಇಂಜೆರಾ ಕಾವಲಿಗೆ ಬಿತ್ತು, ಮುಚ್ಚಳ ಬಿತ್ತು. ಮೇಷ್ಟ್ರು ಸೂರು ನೋಡಿದರು, ನೆಲ ನೋಡಿದರು. ಮುಚ್ಚಳದ ಸಂದಿಯಿಂದ ಸೀದ ವಾಸನೆ ಬರತೊಡಗಿತು.

ಅಸ್ಕಲೆಚ್ ಎದ್ದಳು. ಕಪಾಟಿನಿಂದ ಬಾಟಲಿ ತೆಗೆದು, ಒಂದು ಚೂರು ಹತ್ತಿಯನ್ನು ಅರಕೆಯಲ್ಲಿ ಅದ್ದಿ, ಗಂಡನ ಹಣೆಯ ಬಳಿ ಹಿಡಿದಳು.

"ಓದೋಕಾಗ್ತಿಲ್ಲ ಅನ್ಸತ್ತೆ ಮೇಷ್ಟ್ರೇ. ಸ್ವಲ್ಪ ಒರೆಸ್ಲಾ?"